ಅಂಟಿಕೊಂಡ ರಕ್ತಕಣಗಳನ್ನು ಯಂತ್ರವು ಬಿಡಿಸಿ ಎಣಿಸುವ ಬಗೆ

ಮನೆಯ ಡ್ರಮ್ಮು, ತೊಟ್ಟಿಗಳಲ್ಲಿ ನೀರು ನಿಂತು ಸೊಳ್ಳೆಗಳು ಹೆಚ್ಚುವ ದಿನಗಳಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ಹಳ್ಳಿಗಳಲ್ಲಿಯೂ ವಾಡಿ, ಶಹಾಬಾದ ಪಟ್ಟಣಗಳಲ್ಲಿಯೂ ಜ್ವರಪೀಡಿತರ ಸಂಖ್ಯೆ ಏರುವುದು ಎಲ್ಲರೂ ಬಲ್ಲ ಸಂಗತಿ. ಹಿಂದೆ ಜ್ವರ ಬಂದವರನ್ನು ಕಂಡಾಗ ‘ಊಟ ಸೇರುತ್ತದೆಯೆ, ನಿದ್ರೆ ಬಂದಿತೆ’ ಎಂದು ವಿಚಾರಿಸುತ್ತಿದ್ದ ಬಂಧುಗಳು ಈಗ ಕೇಳುವ ಮೊದಲ ಪ್ರಶ್ನೆ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬುದು. ರಕ್ತಪರೀಕ್ಷೆಯ ಕಾಗದದಲ್ಲಿ ಅಚ್ಚಾದ ಆ ಒಂದು ಅಂಕಿಯನ್ನು ನೋಡಿ ರಾತ್ರೋರಾತ್ರಿ ಕಲಬುರಗಿಗೋ ಹೈದರಾಬಾದಿಗೋ ಗಾಡಿ ಹೊರಡಿಸುವವರುಂಟು. ಆದುದರಿಂದ ಆ ಅಂಕಿ ಹೇಗೆ ಹುಟ್ಟುತ್ತದೆ, ಯಾವ ಸಂದರ್ಭದಲ್ಲಿ ಅದು ತಪ್ಪುತ್ತದೆ, ಒಂದಕ್ಕೊಂದು ಅಂಟಿಕೊಂಡ ಕಣಗಳನ್ನು ಯಂತ್ರಗಳು ಹೇಗೆ ಬೇರ್ಪಡಿಸಿ ಎಣಿಸುತ್ತವೆ ಎಂಬುದನ್ನು ತಿಳಿದಿರುವುದು ಪ್ರತಿಯೊಂದು ಕುಟುಂಬಕ್ಕೂ ಪ್ರಯೋಜನಕರ.

ನಮ್ಮ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಸಾಸಿವೆ ಕಾಳಿನಷ್ಟು ಹನಿಯಲ್ಲಿ, ಸುಮಾರು 45ರಿಂದ 50 ಲಕ್ಷ ಕೆಂಪು ಕಣಗಳು, 4,000ದಿಂದ 11,000 ಬಿಳಿಯ ಕಣಗಳು, 1.5ರಿಂದ 4.5 ಲಕ್ಷ ಪ್ಲೇಟ್‌ಲೆಟ್‌ಗಳು ಇರುತ್ತವೆ. ಕೆಂಪು ಕಣದ ಅಗಲ ಒಂದು ಮಿಲಿಮೀಟರಿನ ಸಾವಿರದ ಏಳೆಂಟು ಭಾಗದಷ್ಟು. ಪ್ಲೇಟ್‌ಲೆಟ್ ಅದರ ಮೂರನೆಯ ಒಂದು ಪಾಲು. ಇಷ್ಟು ಸೂಕ್ಷ್ಮವಾದುದನ್ನು ಎಣಿಸಲು ಇಂದು ತಾಲೂಕು ಕೇಂದ್ರಗಳ ಪ್ರಯೋಗಾಲಯಗಳಲ್ಲಿಯೂ ಇರುವ ಯಂತ್ರಗಳ ಮೂಲತತ್ತ್ವವು ಅಮೆರಿಕದ ವಾಲೇಸ್ ಕೌಲ್ಟರ್ ಎಂಬಾತನದು. ಅದಕ್ಕೆ ಆತ 1953ರಲ್ಲಿ ಪೇಟೆಂಟ್ ಪಡೆದನು. ಉಪ್ಪುನೀರಿನಲ್ಲಿ ತೆಳುಮಾಡಿದ ರಕ್ತವನ್ನು ಅತಿ ಚಿಕ್ಕ ರಂಧ್ರದ ಮೂಲಕ ಹಾಯಿಸಿ, ಅದರ ಎರಡೂ ಬದಿಗೆ ವಿದ್ಯುತ್ತನ್ನಿರಿಸಿದರೆ ಪ್ರತಿಯೊಂದು ಕಣವೂ ಹಾಯುವಾಗ ವಿದ್ಯುತ್ತಿಗೆ ಕ್ಷಣಮಾತ್ರ ಅಡ್ಡಿಯಾಗುತ್ತದೆ. ಅಡ್ಡಿಗಳ ಲೆಕ್ಕವೇ ಕಣಗಳ ಲೆಕ್ಕ. ಅಡ್ಡಿಯ ಪ್ರಮಾಣವೇ ಕಣದ ಗಾತ್ರ. ಬಾಗಿಲಲ್ಲಿ ನಿಂತು ಒಳಬರುವವರನ್ನು ಎಣಿಸುವ ಕಾವಲುಗಾರನಂತೆ ಈ ಯಂತ್ರ. ಆದರೆ ಈ ಕಾವಲುಗಾರನಿಗೆ ಕಣ್ಣಿಲ್ಲ. ಹತ್ತು ಪ್ಲೇಟ್‌ಲೆಟ್‌ಗಳು ಕೈಕೈ ಹಿಡಿದು ಒಮ್ಮೆಲೇ ಹಾದರೆ ಅವನ ಲೆಕ್ಕದಲ್ಲಿ ಅದು ಒಂದೇ. ಗುಂಪು ಇನ್ನೂ ದೊಡ್ಡದಾದರೆ ಅದನ್ನು ಬಿಳಿಯ ಕಣವೆಂದೇ ಬರೆದುಕೊಳ್ಳುವನು.

ಪ್ಲೇಟ್‌ಲೆಟ್‌ಗಳು ಹೀಗೆ ಅಂಟಿಕೊಳ್ಳುವುದೇನೂ ಆಶ್ಚರ್ಯವಲ್ಲ. ಗಾಯದ ಬಾಯಿಯಲ್ಲಿ ಅಂಟಿಕೊಂಡು ರಕ್ತವನ್ನು ತಡೆಯುವುದೇ ಅವುಗಳ ಧರ್ಮ. ರಕ್ತ ತೆಗೆಯುವಾಗ ಸೂಜಿ ಸರಿಯಾಗಿ ನಾಳವನ್ನು ಹೊಗದೆ ತಡವಾದರೆ, ಅಥವಾ ನಳಿಕೆಯನ್ನು ಮೆಲ್ಲಗೆ ಎಂಟು ಹತ್ತು ಬಾರಿ ತಲೆಕೆಳಗು ಮಾಡಿ ಬೆರೆಸದಿದ್ದರೆ ಅವು ನಳಿಕೆಯಲ್ಲಿಯೇ ಗುಂಪುಗೂಡುತ್ತವೆ. ಇನ್ನೊಂದು ಕಾರಣ ಸ್ವಲ್ಪ ವಿಚಿತ್ರವಾದುದು. ನೇರಳೆ ಮುಚ್ಚಳದ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ‘ಇಡಿಟಿಎ’ ಎಂಬ ಲವಣವನ್ನು ಹಾಕಿರುತ್ತಾರೆ. ಸಾವಿರದಲ್ಲಿ ಸುಮಾರು ಒಬ್ಬರಿಗೆ, ಈ ಲವಣದ ಸಮಕ್ಷಮದಲ್ಲಿ ಮಾತ್ರ, ಪ್ಲೇಟ್‌ಲೆಟ್‌ಗಳನ್ನು ಪರಸ್ಪರ ಬೆಸೆಯುವ ಪ್ರತಿಕಾಯಗಳು ರಕ್ತದಲ್ಲಿ ಇರುತ್ತವೆ. ದೇಹದೊಳಗೆ ಅವರ ಪ್ಲೇಟ್‌ಲೆಟ್‌ಗಳು ಸುಖವಾಗಿಯೇ ಇವೆ. ನಳಿಕೆಗೆ ಬಂದೊಡನೆ ಗೊಂಚಲಾಗುತ್ತವೆ. ನನ್ನಲ್ಲಿಗೆ ಬಂದಿದ್ದ ಮಧ್ಯವಯಸ್ಸಿನ ತಾಯಿಯೊಬ್ಬರ ವರದಿಯಲ್ಲಿ ಮೂರು ಬಾರಿಯೂ 40 ಸಾವಿರದ ಆಸುಪಾಸಿನ ಅಂಕಿ. ಜ್ವರವಿಲ್ಲ, ಒಸಡಿನಲ್ಲಿ ರಕ್ತವಿಲ್ಲ, ಚರ್ಮದ ಮೇಲೆ ಒಂದು ಕಲೆಯೂ ಇಲ್ಲ; ಆದರೂ ಆಕೆ ಹದಿನೈದು ದಿನ ಹಾಸಿಗೆ ಬಿಟ್ಟೆದ್ದಿರಲಿಲ್ಲ, ಭಯದಿಂದ. ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿದಾಗ ಲೇಪದ ಅಂಚಿನಲ್ಲಿ ದ್ರಾಕ್ಷಿಯ ಗೊಂಚಲುಗಳಂತೆ ಪ್ಲೇಟ್‌ಲೆಟ್‌ಗಳು ಕಂಡವು. ನೀಲಿ ಮುಚ್ಚಳದ, ಸಿಟ್ರೇಟ್ ಇರುವ ನಳಿಕೆಯಲ್ಲಿ ಮರುಪರೀಕ್ಷೆ ಮಾಡಿಸಿದಾಗ ಸಂಖ್ಯೆ ಎರಡು ಲಕ್ಷವನ್ನು ದಾಟಿತ್ತು. (ಆ ನಳಿಕೆಯಲ್ಲಿ ದ್ರವ ಹೆಚ್ಚಿರುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಬೇಕು.) ಆಕೆಗೆ ಯಾವ ಔಷಧವೂ ಬೇಕಾಗಲಿಲ್ಲ.

ಹಾಗಾದರೆ ಕಣ್ಣಿಲ್ಲದ ಯಂತ್ರಕ್ಕೆ ಕಣ್ಣು ಕೊಡಬಾರದೇಕೆ? ಸೂಕ್ಷ್ಮದರ್ಶಕಕ್ಕೆ ಕ್ಯಾಮರಾ ಜೋಡಿಸಿ, ಚಿತ್ರವನ್ನು ಗಣಕಯಂತ್ರಕ್ಕೆ ಕೊಟ್ಟು, ಕಣಗಳನ್ನು ಅದರಿಂದಲೇ ಎಣಿಸಬಾರದೇಕೆ? ಈ ಪ್ರಯತ್ನ ಹಳೆಯದು. ಅಲ್ಲಿಯೂ ಎದುರಾದ ಮೊದಲ ತೊಡಕು ಇದೇ: ಅಂಟಿಕೊಂಡಿರುವ ಎರಡನ್ನು ಎರಡೆಂದು ಅರಿಯುವುದು.

ಅಡುಗೆಮನೆಯಲ್ಲಿ ಬಟ್ಟೆಯ ಮೇಲೆ ಎರಡು ಜೋಳದ ರೊಟ್ಟಿಗಳನ್ನು ಅಂಚಿಗೆ ಅಂಚು ತಾಗುವಂತೆ ಹಾಕಿದ್ದಾರೆ ಎನ್ನಿ. ಮೂರು ವರುಷದ ಮಗುವೂ ಅವು ಎರಡೆಂದು ಹೇಳುತ್ತದೆ. ಗಣಕಯಂತ್ರ ಹೇಳದು. ಅದಕ್ಕೆ ಚಿತ್ರವೆಂದರೆ ಲಕ್ಷಾಂತರ ಚುಕ್ಕೆಗಳು, ಪ್ರತಿ ಚುಕ್ಕೆಗೂ ಒಂದು ಅಂಕಿ. ಬಟ್ಟೆಯ ಚುಕ್ಕೆಗಳನ್ನು ಕಪ್ಪೆಂದೂ ರೊಟ್ಟಿಯ ಚುಕ್ಕೆಗಳನ್ನು ಬಿಳುಪೆಂದೂ ವಿಂಗಡಿಸುವುದು ಅದಕ್ಕೆ ಸುಲಭ. ಆದರೆ ಬಿಳಿಯ ಚುಕ್ಕೆಗಳು ಒಂದಕ್ಕೊಂದು ತಾಗಿಕೊಂಡು ಹಬ್ಬಿರುವುದರಿಂದ ಅವೆಲ್ಲವೂ ಸೇರಿ ಒಂದೇ ವಸ್ತು ಎಂದು ಅದು ತೀರ್ಮಾನಿಸುತ್ತದೆ. ನಾವು ಎರಡೆಂದು ಅರಿತದ್ದು ಹೇಗೆ? ನಡುವೆ ಒಂದು ಇಕ್ಕಟ್ಟಾದ ಕೊರಳು ಇದೆ. ಎರಡೂ ಕಡೆ ಒಂದೊಂದು ತುಂಬಿದ ಒಡಲು ಇದೆ. ಈ ‘ಕೊರಳು’ ಎಂಬುದನ್ನು ಅಂಕಿಗಳ ಭಾಷೆಯಲ್ಲಿ ಹೇಳುವುದೇ ಸಮಸ್ಯೆಯ ತಿರುಳು.

ಅದಕ್ಕೆ ದೊರೆತ ಉತ್ತರ ನಮ್ಮ ರೈತಬಾಂಧವರಿಗೆ ಬಹಳ ಪರಿಚಿತವಾದ ಹೆಸರನ್ನು ಹೊತ್ತಿದೆ: ಜಲಾನಯನ ವಿಧಾನ. ಹೊಲಗಳಿಗೆ ಬದು ಹಾಕಿಸುವಾಗ ಜಲಾನಯನ ಇಲಾಖೆಯವರು ಹೇಳುವ ಜಲಾನಯನವೇ ಇದು. ಚಿಂಚೋಳಿಯ ಕಡೆ ಬಿದ್ದ ಮಳೆ ಮುಲ್ಲಾಮಾರಿಗೆ ಇಳಿಯುತ್ತದೆ. ಸೇಡಂ ಕಡೆ ಬಿದ್ದದ್ದು ಕಾಗಿಣೆಗೆ. ನಡುವಿನ ಏರುನೆಲದ ಬೆನ್ನಿನ ಮೇಲೆ ಒಂದು ಗೆರೆಯನ್ನು ಕಲ್ಪಿಸಿಕೊಳ್ಳಬಹುದು. ಆ ಗೆರೆಯ ಒಂದು ಬದಿಗೆ ಬಿದ್ದ ಹನಿ ಒಂದು ಹೊಳೆಗೆ, ಇನ್ನೊಂದು ಬದಿಗೆ ಬಿದ್ದ ಹನಿ ಇನ್ನೊಂದು ಹೊಳೆಗೆ. ಚಿತ್ರದಲ್ಲಿಯೂ ಇಂತಹ ಏರಿಳಿತಗಳ ನೆಲವೊಂದನ್ನು ನಿರ್ಮಿಸಿದರೆ ನೀರೇ ಗಡಿಯನ್ನು ತೋರಿಸುತ್ತದೆ ಎಂಬುದು ಇದರ ಹಿಂದಿನ ಯುಕ್ತಿ.

ನೆಲವನ್ನು ನಿರ್ಮಿಸುವ ಕ್ರಮ ಹೀಗೆ. ಬಿಳಿಯ ಭಾಗದ ಪ್ರತಿಯೊಂದು ಚುಕ್ಕೆಯೂ ತನಗೆ ಸಮೀಪದ ಕಪ್ಪು ಅಂಚಿನಿಂದ ಎಷ್ಟು ದೂರದಲ್ಲಿದೆ ಎಂದು ಅಳೆಯಬೇಕು. ಅಂಚಿನಲ್ಲಿರುವುದಕ್ಕೆ ಒಂದು, ಒಳಗಿರುವುದಕ್ಕೆ ಎರಡು, ಇನ್ನೂ ಒಳಗಿರುವುದಕ್ಕೆ ಮೂರು, ಹೀಗೆ. ರೊಟ್ಟಿಯ ನಟ್ಟನಡುವಿನ ಚುಕ್ಕೆಗೆ ಅತಿ ದೊಡ್ಡ ಅಂಕಿ ಬರುತ್ತದೆ. ಇಕ್ಕಟ್ಟಾದ ಕೊರಳಿನಲ್ಲಿ ಯಾವ ಚುಕ್ಕೆಯೂ ಅಂಚಿನಿಂದ ಬಹಳ ದೂರವಿರಲಾರದಾದ್ದರಿಂದ ಅಲ್ಲಿ ಅಂಕಿ ಚಿಕ್ಕದು. ಈಗ ಆ ಅಂಕಿಗಳನ್ನು ಆಳವೆಂದು ಭಾವಿಸಿರಿ. ಎರಡು ರೊಟ್ಟಿಗಳ ಜಾಗದಲ್ಲಿ ಎರಡು ಗುಂಡಿಗಳು, ನಡುವಣ ಕೊರಳಿನಲ್ಲಿ ಒಂದು ದಿಣ್ಣೆ! ಪ್ರತಿಯೊಂದು ಗುಂಡಿಯ ತಳದಲ್ಲಿಯೂ ಒಂದು ಒರತೆ ಇದೆ ಎಂದುಕೊಂಡು ನೀರನ್ನು ಸಮನಾಗಿ ಏರಿಸುತ್ತಾ ಹೋದರೆ ಎರಡು ಕೆರೆಗಳು ತುಂಬುತ್ತಾ ಬಂದು ದಿಣ್ಣೆಯ ಮೇಲೆ ಒಂದನ್ನೊಂದು ಮುಟ್ಟುವ ಕ್ಷಣ ಬರುತ್ತದೆ. ಆ ಕ್ಷಣದಲ್ಲಿ ನೀರು ಬೆರೆಯದಂತೆ ಅಲ್ಲೊಂದು ಒಡ್ಡು ಹಾಕಬೇಕು. ಆ ಒಡ್ಡಿನ ಗೆರೆಯೇ ಎರಡು ಕಣಗಳ ನಡುವಿನ ಗಡಿ. ಎಷ್ಟು ಕೆರೆಗಳೋ ಅಷ್ಟು ಕಣಗಳು.

ಈ ವಿದ್ಯೆ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ, ಗಣಿಯಲ್ಲಿ ಎಂಬುದು ಕಲ್ಲಿನ ನಾಡಿನವರಾದ ನಮಗೆ ಸಂತೋಷ ಕೊಡುವ ಸಂಗತಿ. ಫ್ರಾನ್ಸ್ ದೇಶದಲ್ಲಿ 1964ರ ಸುಮಾರಿಗೆ ಜಾರ್ಜ್ ಮಾತೆರೋನ್ ಮತ್ತು ಜಾನ್ ಸೆರಾ ಎಂಬ ಇಬ್ಬರು, ಕಬ್ಬಿಣದ ಅದಿರಿನ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರಲ್ಲಿನ ಖನಿಜಗಳ ಪ್ರಮಾಣವನ್ನು ಲೆಕ್ಕಹಾಕಲು ಆಕಾರಗಳ ಗಣಿತವೊಂದನ್ನು ಕಟ್ಟಿದರು. ಅದೇ ಪರಂಪರೆಯ ಸೆರ್ಜ್ ಬೂಷೆ ಮತ್ತು ಕ್ರಿಸ್ತಿಯಾನ್ ಲಾಂತ್ಯೂಜೋಲ್ 1979ರಲ್ಲಿ ಜಲಾನಯನದ ಯುಕ್ತಿಯನ್ನು ಚಿತ್ರಗಳಿಗೆ ಅನ್ವಯಿಸಿದರು. 1991ರಲ್ಲಿ ಲ್ಯೂಕ್ ವಿನ್ಸೆಂಟ್ ಮತ್ತು ಪಿಯರ್ ಸ್ವಾಲ್ ಗಣಕಯಂತ್ರಗಳಲ್ಲಿ ಅದು ಬಹು ವೇಗವಾಗಿ ನಡೆಯುವ ಕ್ರಮವನ್ನು ಪ್ರಕಟಿಸಿದ ಮೇಲೆ ಎಲ್ಲೆಡೆ ಹರಡಿತು. ಸಿಮೆಂಟಿನ ಕ್ಲಿಂಕರನ್ನು ಕತ್ತರಿಸಿ, ನುಣುಪು ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒತ್ತೊತ್ತಾಗಿ ಕುಳಿತ ಹರಳುಗಳು ಕಾಣುತ್ತವೆ; ಅವುಗಳನ್ನು ಬಿಡಿಬಿಡಿಯಾಗಿ ಅಳೆಯಲೂ ಇದೇ ವಿಧಾನ ಒದಗುತ್ತದೆ. ಕಲ್ಲಿಗೂ ರಕ್ತಕ್ಕೂ ಒಂದೇ ಲೆಕ್ಕ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಿದ್ಧವಾದ ‘ಇಮೇಜ್‌ಜೆ’ ಎಂಬ ಉಚಿತ ತಂತ್ರಾಂಶದಲ್ಲಿ ಇದು ಒಂದೇ ಗುಂಡಿ ಒತ್ತಿದರೆ ನಡೆಯುವ ಕೆಲಸ. ವಿಜ್ಞಾನ ಓದುತ್ತಿರುವ ನಿಮ್ಮ ಮಕ್ಕಳು ಬಯಸಿದರೆ ಒಂದು ತಾಟಿನಲ್ಲಿ ತೊಗರಿ ಕಾಳುಗಳನ್ನು ಹರಡಿ ಮೊಬೈಲಿನಿಂದ ಚಿತ್ರ ತೆಗೆದು ಈ ತಂತ್ರಾಂಶದಲ್ಲಿ ಎಣಿಸಿ, ಆಮೇಲೆ ಕೈಯಿಂದ ಎಣಿಸಿ ತಾಳೆ ನೋಡಬಹುದು.

ತಾಳೆ ನೋಡಿದಾಗ ತಪ್ಪುಗಳೂ ತಿಳಿಯುತ್ತವೆ. ಕಣದ ಅಂಚು ಒರಟಾಗಿದ್ದರೆ ನೆಲದಲ್ಲಿ ಸಣ್ಣಪುಟ್ಟ ತಗ್ಗುಗಳು ಹುಟ್ಟುತ್ತವೆ. ಪ್ರತಿ ತಗ್ಗೂ ಒಂದು ಕೆರೆಯಾಗಿ, ಒಂದೇ ಕಣ ನಾಲ್ಕು ತುಂಡಾಗುತ್ತದೆ. ಇದನ್ನು ತಪ್ಪಿಸಲು ಇಂತಿಷ್ಟು ಆಳವಿಲ್ಲದ ತಗ್ಗುಗಳನ್ನು ಗಣನೆಗೆ ತೆಗೆದುಕೊಳ್ಳಬಾರದೆಂದು ಮೊದಲೇ ನಿಯಮ ಮಾಡುತ್ತಾರೆ. ಕೆಂಪು ಕಣದ ನಡುಭಾಗ ಸ್ವಭಾವತಃ ತೆಳುವಾಗಿ ಮಸುಕಾಗಿರುವುದರಿಂದ ಯಂತ್ರ ಅದನ್ನು ತೂತೆಂದು ತಿಳಿದು ಕಣವನ್ನು ಬಳೆಯಂತೆ ಕಾಣುತ್ತದೆ. ಅಳೆಯುವ ಮೊದಲು ಆ ತೂತುಗಳನ್ನು ಮುಚ್ಚಬೇಕು. ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಏರಿ ಕುಳಿತ ಕಣಗಳಲ್ಲಿ ಕೊರಳೇ ಇರುವುದಿಲ್ಲವಾದ್ದರಿಂದ ಅಲ್ಲಿ ಈ ವಿಧಾನ ಸೋಲುತ್ತದೆ. ಇನ್ನು ದುಂಡಗಿಲ್ಲದ ವಸ್ತುಗಳ ವಿಷಯದಲ್ಲಿ ಇದನ್ನು ನಂಬಲೇಬಾರದು. ಕ್ಷಯರೋಗಿಯ ಕಫದಲ್ಲಿ ಕಾಣುವ ಕ್ರಿಮಿಗಳು ಸಣ್ಣ ಕಡ್ಡಿಗಳಂತಿದ್ದು ಒಂದರ ಮೇಲೊಂದು ಅಡ್ಡಲಾಗಿ ಬಿದ್ದಿರುತ್ತವೆ. ಜಲಾನಯನ ವಿಧಾನ ಒಂದೇ ಕಡ್ಡಿಯನ್ನು ಮುರಿದು ಮೂರು ಮಾಡಬಹುದು. ಕಫಪರೀಕ್ಷೆಯಲ್ಲಿ ನೂರು ಕ್ಷೇತ್ರಗಳಿಗೆ ಒಂಬತ್ತರೊಳಗೆ ಕ್ರಿಮಿಗಳು ಕಂಡರೆ ವಿರಳವೆಂದೂ, ಹತ್ತರಿಂದ ತೊಂಬತ್ತೊಂಬತ್ತು ಕಂಡರೆ ಒಂದು ಪ್ಲಸ್ ಎಂದೂ ಬರೆಯುವ ಪದ್ಧತಿಯಿರುವಾಗ, ಮುರಿದು ಎಣಿಸಿದರೆ ವರದಿಯ ದರ್ಜೆಯೇ ಬದಲಾದೀತು.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಅಂಟಿಕೊಂಡಿರುವುದನ್ನೆಲ್ಲ ಬಿಡಿಸಿ ಎಣಿಸಿದರೆ ಕೆಲಸ ಮುಗಿಯಿತೆಂದು ತಂತ್ರಜ್ಞರು ಭಾವಿಸಬಹುದು. ವೈದ್ಯನಾದವನು ಹಾಗೆ ಭಾವಿಸಲಾಗದು. ಕೆಲವೊಮ್ಮೆ ಅಂಟಿಕೊಂಡಿರುವುದೇ ರೋಗದ ಲಕ್ಷಣ. ಕೆಂಪು ಕಣಗಳು ನಾಣ್ಯಗಳನ್ನು ಪೇರಿಸಿಟ್ಟಂತೆ ಸಾಲಾಗಿ ನಿಂತಿದ್ದರೆ ರಕ್ತದ್ರವದಲ್ಲಿ ಕೆಲವು ಪ್ರೋಟೀನುಗಳು ಹೆಚ್ಚಾಗಿವೆ ಎಂದು ಅರ್ಥ. ದೀರ್ಘಕಾಲದ ಸೋಂಕಿನಲ್ಲಿಯೂ, ಮೂಳೆಯ ಮಜ್ಜೆಯ ಒಂದು ಬಗೆಯ ಅರ್ಬುದದಲ್ಲಿಯೂ ಹೀಗಾಗುತ್ತದೆ. ಇಎಸ್‌ಆರ್ ಎಂಬ ಪರೀಕ್ಷೆಯಲ್ಲಿ ರಕ್ತ ಬೇಗ ತಳಕ್ಕಿಳಿಯುವುದಕ್ಕೂ ಇದೇ ಕಾರಣ. ಇನ್ನು ಕೆಲವರ ರಕ್ತದಲ್ಲಿ ತಂಪು ತಾಗಿದೊಡನೆ ಕೆಂಪು ಕಣಗಳು ಅಡ್ಡಾದಿಡ್ಡಿಯಾಗಿ ಮುದ್ದೆಗಟ್ಟುತ್ತವೆ. ಆಗ ಕಣ್ಣಿಲ್ಲದ ಯಂತ್ರವು ಕೆಂಪು ಕಣಗಳ ಸಂಖ್ಯೆ ಬಹಳ ಕಡಿಮೆಯೆಂದೂ ಪ್ರತಿ ಕಣವೂ ಬಹಳ ದೊಡ್ಡದೆಂದೂ ವರದಿ ಕೊಡುತ್ತದೆ. ನಳಿಕೆಯನ್ನು ದೇಹದ ಶಾಖಕ್ಕೆ, ಅಂದರೆ 37 ಡಿಗ್ರಿಗೆ, ಬೆಚ್ಚಗೆ ಮಾಡಿ ಮತ್ತೆ ಎಣಿಸಿದರೆ ಸಂಖ್ಯೆ ಸರಿಯಾಗುತ್ತದೆ. ಆದುದರಿಂದ ಬಿಡಿಸಿ ಎಣಿಸುವ ಯಂತ್ರವು ‘ಇಲ್ಲಿ ಕಣಗಳು ಅಂಟಿಕೊಂಡಿದ್ದವು’ ಎಂಬ ಮಾತನ್ನೂ ವರದಿಯಲ್ಲಿ ಬರೆಯಬೇಕು. ಬರೆಯದ ಯಂತ್ರ ಎಷ್ಟು ನಿಖರವಾಗಿ ಎಣಿಸಿದರೂ ನನ್ನ ದೃಷ್ಟಿಯಲ್ಲಿ ಅದು ಅರೆಗೆಲಸವೇ.

ಈಚಿನ ಹತ್ತು ವರ್ಷಗಳಲ್ಲಿ ನೀರಿನ ಲೆಕ್ಕವನ್ನು ಬಿಟ್ಟು ಕಲಿಕೆಯ ಮಾರ್ಗ ಬಂದಿದೆ. ತಜ್ಞರು ಕೈಯಿಂದ ಗಡಿ ಬರೆದುಕೊಟ್ಟ ಚಿತ್ರಗಳನ್ನು ಗಣಕಯಂತ್ರಕ್ಕೆ ತೋರಿಸಿ, ಅದು ತಾನೇ ಗಡಿ ಬರೆಯುವುದನ್ನು ಕಲಿಯುವಂತೆ ಮಾಡುತ್ತಾರೆ. 2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದವರು ರೂಪಿಸಿದ ‘ಯು-ನೆಟ್’ ಎಂಬ ಕ್ರಮದಲ್ಲಿ ಒಂದು ಜಾಣ್ಮೆಯಿದೆ: ತಾಗಿಕೊಂಡ ಎರಡು ಕಣಗಳ ನಡುವಿನ ಸಣ್ಣ ಸಂದಿಯಲ್ಲಿ ತಪ್ಪು ಮಾಡಿದರೆ ಬೇರೆಡೆಗಿಂತ ಹೆಚ್ಚಿನ ದಂಡ. ಹೀಗಾಗಿ ಯಂತ್ರವು ಆ ಸಂದಿಯನ್ನು ವಿಶೇಷ ಎಚ್ಚರದಿಂದ ನೋಡಲು ಕಲಿಯುತ್ತದೆ. ಅನಂತರ ಬಂದ ‘ಸೆಲ್‌ಪೋಸ್’ ಎಂಬುದರ ರೀತಿ ಇನ್ನೊಂದು. ಜಾತ್ರೆ ಮುಗಿದ ಮೇಲೆ ರಥಬೀದಿಯಲ್ಲಿ ಹತ್ತು ಊರಿನ ಜನ ಬೆರೆತು ನಿಂತಿರುವಾಗ ಯಾರು ಯಾವ ಊರಿನವರೆಂದು ನೋಡಿ ಹೇಳಲಾಗದು. ಪ್ರತಿಯೊಬ್ಬರೂ ತಮ್ಮ ಊರಿನ ದಾರಿ ಹಿಡಿದಾಗ ತಾನಾಗಿ ತಿಳಿಯುತ್ತದೆ. ಅಂತೆಯೇ ಈ ತಂತ್ರಾಂಶ ಪ್ರತಿ ಚುಕ್ಕೆಗೂ ‘ನಿನ್ನ ಕಣದ ನಡು ಯಾವ ದಿಕ್ಕಿಗಿದೆ’ ಎಂದು ಕೇಳಿ, ಒಂದೇ ನಡುವನ್ನು ಸೇರಿದ ಚುಕ್ಕೆಗಳನ್ನೆಲ್ಲ ಒಂದು ಕಣವೆಂದು ಗುರುತಿಸುತ್ತದೆ.

ನಮ್ಮ ರಾಜ್ಯದಲ್ಲಿಯೂ ಈ ಕೆಲಸ ನಡೆದಿದೆ. ಬೆಂಗಳೂರಿನಲ್ಲಿ 2015ರಲ್ಲಿ ಆರಂಭವಾದ ಸಿಗ್‌ಟಪಲ್ ಎಂಬ ಸಂಸ್ಥೆಯು ರಕ್ತಲೇಪದ ಗಾಜುಪಟ್ಟಿಯನ್ನು ತಾನೇ ಚಿತ್ರಿಸಿಕೊಂಡು ಕಣಗಳನ್ನು ವಿಂಗಡಿಸುವ ಉಪಕರಣವನ್ನು ಸಿದ್ಧಪಡಿಸಿದೆ. ಅದರ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಶೋಣಿತ್’. ಆಯುರ್ವೇದವನ್ನು ಓದಿದವರಿಗೆ ಈ ಶಬ್ದ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹದಿನಾಲ್ಕನೆಯ ಅಧ್ಯಾಯದ ಹೆಸರೇ ಶೋಣಿತವರ್ಣನೀಯ. ರಕ್ತದ ಬಣ್ಣ, ಸಾಂದ್ರತೆ, ಹರಿವುಗಳನ್ನು ಬರಿಗಣ್ಣಿನಿಂದ ನೋಡಿ ದೋಷವನ್ನು ಊಹಿಸುತ್ತಿದ್ದ ಆಚಾರ್ಯರಿಗೆ ಕಣಗಳ ಕಲ್ಪನೆ ಇರಲಿಲ್ಲ, ಇತ್ತೆಂದು ಹೇಳುವುದು ಅವರಿಗೆ ಸಲ್ಲಿಸುವ ಗೌರವವೂ ಅಲ್ಲ. ಆದರೆ ನೋಡಿ ನಿರ್ಣಯಿಸಬೇಕೆಂಬ ಅವರ ಪಟ್ಟು ಮಾತ್ರ ಇಂದಿಗೂ ಬೇಕಾದುದೇ. ಇಂತಹ ಯಂತ್ರಗಳಲ್ಲಿಯೂ ಕೊನೆಯ ಸಹಿ ರೋಗನಿದಾನ ತಜ್ಞರದು. ಚಿತ್ರಗಳು ದೂರದ ನಗರದಲ್ಲಿರುವ ತಜ್ಞರನ್ನು ತಲುಪುತ್ತವೆ, ಅಷ್ಟೆ. ಸೂಕ್ಷ್ಮದರ್ಶಕವಿದ್ದೂ ಅದನ್ನು ಓದಬಲ್ಲ ತಜ್ಞರಿಲ್ಲದ ತಾಲೂಕುಗಳಿಗೆ ಇದು ಸಣ್ಣ ಉಪಕಾರವಲ್ಲ.

ಎಲ್ಲಕ್ಕಿಂತ ಅಗ್ಗದ ‘ಬಿಡಿಸುವ ಯಂತ್ರ’ವೆಂದರೆ ಪ್ರಯೋಗಾಲಯದ ತಂತ್ರಜ್ಞರ ಕೈ. ಒಂದು ಹನಿ ರಕ್ತವನ್ನು ಗಾಜಿನ ಮೇಲಿಟ್ಟು ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು ಒಂದೇ ಬೀಸಿನಲ್ಲಿ ಸವರಿದರೆ ತಲೆಯ ಕಡೆ ದಪ್ಪಗೆ, ಬಾಲದ ಕಡೆ ತೆಳ್ಳಗೆ ಲೇಪ ಬರುತ್ತದೆ. ಬಾಲಕ್ಕೆ ತುಸು ಹಿಂದೆ ಕೆಂಪು ಕಣಗಳು ಒಂದೇ ಪದರಾಗಿ, ಒಂದನ್ನೊಂದು ಮುಟ್ಟಿಯೂ ಮುಟ್ಟದಂತೆ ಹರಡಿರುವ ಜಾಗವಿದೆ; ಎಣಿಸಬೇಕಾದದ್ದು ಅಲ್ಲಿಯೇ. ಅಲ್ಲಿ ಎಣ್ಣೆ ಹಾಕಿ ನೋಡುವ ಮಸೂರದಲ್ಲಿ ಒಂದು ಕ್ಷೇತ್ರಕ್ಕೆ ಸರಾಸರಿ ಎಷ್ಟು ಪ್ಲೇಟ್‌ಲೆಟ್‌ಗಳಿವೆ ಎಂದು ಎಣಿಸಿ, ಅದನ್ನು 15 ಸಾವಿರದಿಂದ ಗುಣಿಸಿದರೆ ಅಂದಾಜು ಸಂಖ್ಯೆ ದೊರೆಯುತ್ತದೆ. ಹತ್ತು ಕಂಡರೆ ಒಂದೂವರೆ ಲಕ್ಷ. ಯಂತ್ರದ ಅಂಕಿಗೂ ಇದಕ್ಕೂ ಬಹಳ ಅಂತರ ಬಂದರೆ ಯಂತ್ರವನ್ನು ಸಂಶಯಿಸಬೇಕು. ಕೆಟ್ಟದಾಗಿ ಸವರಿದ ದಪ್ಪ ಲೇಪದ ಚಿತ್ರವನ್ನು ಯಾವ ಗಣಿತವೂ ಉದ್ಧರಿಸಲಾರದು.

ಓದುಗ ಬಂಧುಗಳು ಮಾಡಬೇಕಾದುದು ಇಷ್ಟು. ಪ್ಲೇಟ್‌ಲೆಟ್ ಸಂಖ್ಯೆ ತೀರ ಕಡಿಮೆಯೆಂದು ವರದಿ ಬಂದು, ರೋಗಿಯಲ್ಲಿ ಅದಕ್ಕೆ ತಕ್ಕ ಲಕ್ಷಣಗಳಿಲ್ಲದಿದ್ದರೆ, ‘ರಕ್ತಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೀರಾ, ಗುಂಪುಗೂಡಿವೆಯೇ’ ಎಂದು ವಿನಯದಿಂದ ಕೇಳಿರಿ. ಗುಂಪುಗಳಿದ್ದರೆ ನೀಲಿ ಮುಚ್ಚಳದ ನಳಿಕೆಯಲ್ಲಿ ಮರುಪರೀಕ್ಷೆ ಮಾಡಿಸಿರಿ. ಒಮ್ಮೆ ಹೀಗೆಂದು ತಿಳಿದುಬಂದವರು ಆ ಕಾಗದವನ್ನು ಜೋಪಾನವಾಗಿಟ್ಟುಕೊಂಡು, ಮುಂದೆ ಶಸ್ತ್ರಚಿಕಿತ್ಸೆಯೋ ಹೆರಿಗೆಯೋ ಇದ್ದಾಗ ವೈದ್ಯರಿಗೆ ತೋರಿಸಬೇಕು. ಇಲ್ಲವಾದರೆ ಅನಾವಶ್ಯಕವಾಗಿ ರಕ್ತಾಂಶಗಳನ್ನು ಏರಿಸುವ ಪ್ರಸಂಗ ಬರಬಹುದು. ಆದರೆ ಈ ಲೇಖನವನ್ನು ಓದಿ ‘ಅಂಕಿ ತಪ್ಪಿರಬಹುದು’ ಎಂದು ಡೆಂಗೆ ಜ್ವರವನ್ನು ಕಡೆಗಣಿಸಬೇಡಿರಿ. ಜ್ವರ ಇಳಿಯುವ ಹೊತ್ತಿನಲ್ಲಿಯೇ ಅಪಾಯ ಹೆಚ್ಚು. ಆಗ ತೀವ್ರವಾದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗುಗಳಿಂದ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು ಕವಿಯುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಸಂಖ್ಯೆ ಎಷ್ಟೇ ಇರಲಿ ಕೂಡಲೇ ಆಸ್ಪತ್ರೆ ಸೇರಬೇಕು. ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ಕೊಡಲೇಬಾರದು. ಪಪ್ಪಾಯಿ ಎಲೆಯ ರಸದ ಬಗ್ಗೆ ಅನೇಕರು ಕೇಳುತ್ತಾರೆ. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ, ಅದನ್ನು ನೆಚ್ಚಿಕೊಂಡು ವೈದ್ಯರ ಬಳಿಗೆ ಹೋಗುವುದನ್ನು ತಡಮಾಡಬೇಡಿರಿ. ವಾಂತಿಯಾಗುತ್ತಿರುವ ರೋಗಿಗೆ ಆ ಕಹಿರಸವನ್ನು ಬಲವಂತವಾಗಿ ಕುಡಿಸಿ ಇನ್ನಷ್ಟು ನಿತ್ರಾಣಗೊಳಿಸಿದ್ದನ್ನು ಕಂಡಿದ್ದೇನೆ. ಅದರ ಬದಲು ಗಂಜಿ, ಎಳನೀರು, ಓಆರ್‌ಎಸ್ ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಕೊಡುತ್ತಿರಿ, ಆರು ಗಂಟೆಗೊಮ್ಮೆ ಮೂತ್ರವಾಗುತ್ತಿದೆಯೇ ಎಂದು ಗಮನಿಸುತ್ತಿರಿ.